ಪಾದ ಒಳಗೆ ವಾಲಿದರೆ ವಿಶೇಷ ಶೂ ಬೇಕೇ?

ಪ್ರಶ್ನೆ: ನನಗೆ 38 ವರ್ಷ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಕೆಲಸ, ದಿನವಿಡೀ ನಿಂತೇ ಇರಬೇಕು. ಯಲಹಂಕ ಕೆರೆಯ ಸುತ್ತ ವಾಕಿಂಗ್ ಶುರುಮಾಡಿದ ಮೇಲೆ ಎರಡೂ ಕಣಕಾಲುಗಳ ಒಳಬದಿ ನೋಯುತ್ತಿದೆ. ಶೂ ಅಂಗಡಿಯವರು 'ಓವರ್‌ಪ್ರೊನೇಷನ್' ಇದೆ, ದುಬಾರಿ ಶೂ ಬೇಕು ಎಂದರು. ಐದು ವರ್ಷದ ಮಗಳ ಪಾದವೂ ಚಪ್ಪಟೆ. ಅವಳಿಗೂ ಕೊಡಿಸಬೇಕೇ ಡಾಕ್ಟ್ರೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಮಗಳಿಗೆ ಖಂಡಿತ ಬೇಡ. ಆ ವಯಸ್ಸಿನಲ್ಲಿ ಅಂಗಾಲಿನ ಕಮಾನು ಇನ್ನೂ ಮೂಡುತ್ತಿರುತ್ತದೆ. ತುದಿಗಾಲಲ್ಲಿ ನಿಂತಾಗ ಕಮಾನು ಕಂಡರೆ, ನೋವಿಲ್ಲದೆ ಓಡಾಡುತ್ತಿದ್ದರೆ ನಿಶ್ಚಿಂತೆಯಿಂದಿರಿ. ನಮ್ಮ ಕರಾವಳಿಯ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ನೋಡಿ 1992ರಲ್ಲಿ ಬರೆದ ವರದಿಯಿದೆ. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲ ಮಕ್ಕಳಲ್ಲಿ ಶೇ. 2.8 ಮಾತ್ರ. ಮುಂಭಾಗ ಮುಚ್ಚಿದ ಶೂ ತೊಡುವವರಲ್ಲೇ ಅತಿ ಹೆಚ್ಚು. ಎಳೆಯ ಪಾದಗಳನ್ನು ಗಟ್ಟಿ ಶೂಗಳಲ್ಲಿ ಬಂಧಿಸುವ ಆತುರ ಕಂಡರೆ ನನಗೆ ಸಂಕಟವಾಗುತ್ತದೆ. ಮನೆಯಲ್ಲಿ ಅವಳು ಬರಿಗಾಲಲ್ಲೇ ಆಡಲಿ.

ಇನ್ನು ನಿಮ್ಮ ವಿಷಯ. ಹಿಮ್ಮಡಿ ನೆಲ ತಾಕಿದೊಡನೆ ಪಾದ ತುಸು ಒಳಕ್ಕೆ ವಾಲುವುದು ಎಲ್ಲರಲ್ಲೂ ಉಂಟು. ದೇಹದ ಭಾರದ ಪೆಟ್ಟನ್ನು ಪಾದ ತಾಳಿಕೊಳ್ಳುವುದೇ ಹಾಗೆ. ಈ ವಾಲಿಕೆ ಅತಿಯಾಗುವುದೇ ಅಂಗಡಿಯವರು ಹೇಳಿದ ಓವರ್‌ಪ್ರೊನೇಷನ್. ಹಾಗಾದಾಗ ಕಣಕಾಲಿನ ಒಳಬದಿಯಿಂದ ಕಮಾನನ್ನು ಎತ್ತಿಹಿಡಿಯುವ ಸ್ನಾಯುರಜ್ಜು ದಣಿಯುತ್ತದೆ. ನಿಮ್ಮದು ಬಹುಶಃ ಇದೇ: ನಿಂತ ಕೆಲಸದ ಮೇಲೆ ವಾಕಿಂಗ್ ದಿಢೀರನೆ ಸೇರಿಕೊಂಡಿದೆ. ವಾಲಿಕೆಯನ್ನೇ ಕಾಯಿಲೆ ಎಂದುಕೊಳ್ಳಬೇಡಿ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಒಂದೇ ಬಗೆಯ ಸಾಧಾರಣ ಶೂ ಕೊಟ್ಟು ಒಂದು ವರ್ಷ ಗಮನಿಸಿದಾಗ, ಪಾದ ಒಳವಾಲಿದವರು ಹೆಚ್ಚು ಗಾಯಗೊಳ್ಳಲಿಲ್ಲ.

ಕೆಲವು ವಾರ ನಡಿಗೆಯನ್ನು ಅರ್ಧಕ್ಕಿಳಿಸಿ, ನೋವು ತಗ್ಗಿದಂತೆ ನಿಧಾನವಾಗಿ ಏರಿಸಿ. ಗೋಡೆ ಹಿಡಿದು ಎರಡೂ ಹಿಮ್ಮಡಿಗಳನ್ನು ಎತ್ತಿ, ನಿಧಾನವಾಗಿ ಇಳಿಸಿ. ಹತ್ತು ಸಲ, ದಿನಕ್ಕೆರಡು ಬಾರಿ. ಕುಳಿತಾಗ ಬೆರಳು ಮಡಚದೆ ಅಂಗಾಲನ್ನು ಒಳಗೆಳೆದು ಐದು ಸೆಕೆಂಡು ಹಿಡಿಯಿರಿ. ಮೀನಖಂಡ ಬಿಗಿಯಾಗಿದ್ದರೆ ಅದನ್ನೂ ಎಳೆದು ಸಡಿಲಿಸಿ. ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಬಿಡಬೇಡಿ. ಅಟ್ಟೆ ಸವೆದ ಹವಾಯಿ ಚಪ್ಪಲಿಯಲ್ಲಿ ಇಡೀ ದಿನ ನಿಲ್ಲಬೇಡಿ. ಹಿಮ್ಮಡಿ ಬಿಗಿಯಾಗಿ ಕೂರುವ ಶೂ, ಬೇಕೆನಿಸಿದರೆ ಸಿದ್ಧ ಇನ್‌ಸೋಲ್, ಸದ್ಯಕ್ಕೆ ಸಾಕು.

ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಲಾಗದಿದ್ದರೆ, ಅಥವಾ ಒಂದೇ ಪಾದ ಇತ್ತೀಚೆಗೆ ಚಪ್ಪಟೆಯಾಗಿದ್ದರೆ ಮೂಳೆ ತಜ್ಞರನ್ನು ತಡಮಾಡದೆ ಕಾಣಿ. ನಿಮಗೆ ಸಕ್ಕರೆ ಕಾಯಿಲೆ ಇದ್ದು ಪಾದ ಬಿಸಿಯಾಗಿ ಊದಿಕೊಂಡರೆ, ನೋವಿಲ್ಲದಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ.