‘ಮೀಡಿಯಂ’: ಒಂದು ಪದ, ಹಲವು ಅರ್ಥ

ಭಾಷಾಂತರದ ಅಭ್ಯಾಸದಲ್ಲಿ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪದೇ ಪದೇ ಎಡವುವ ಇಂಗ್ಲಿಷ್ ಪದಗಳಲ್ಲಿ ‘ಮೀಡಿಯಂ’ ಒಂದು. ಅದು ಕಂಡಲ್ಲೆಲ್ಲ ‘ಮಾಧ್ಯಮ’ ಎಂದು ಬರೆದುಬಿಡುವುದು ರೂಢಿಯಾಗಿದೆ. ಇದು ಪೂರ್ಣ ತಪ್ಪಲ್ಲ, ಪೂರ್ಣ ಸರಿಯೂ ಅಲ್ಲ.

ಲ್ಯಾಟಿನ್ನಿನಲ್ಲಿ ಈ ಪದಕ್ಕೆ ‘ನಡುವೆ ಇರುವುದು’ ಎಂದು ಅರ್ಥ. ಸಂಸ್ಕೃತದ ‘ಮಧ್ಯ’ ಇದರ ಜ್ಞಾತಿಪದ. ಆದರೆ ಮೂಲ ಒಂದೇ ಆದರೂ ಬಳಕೆ ಒಂದೇ ಆಗಿರಬೇಕೆಂದಿಲ್ಲ. ಅಂಗಿಯ ಅಳತೆಗೂ, ಆದೋನಿಯ ಮಾರುಕಟ್ಟೆಗೆ ಬರುವ ಹತ್ತಿಯ ಎಳೆಯ ಉದ್ದಕ್ಕೂ ಅನ್ವಯಿಸುವಾಗ ಅದು ‘ಮಧ್ಯಮ’. ಬೆಳಕು ಗಾಳಿಯಿಂದ ನೀರಿಗೆ ಹಾಯುವಾಗ ಬಾಗುತ್ತದೆ. ಅಲ್ಲಿ ಗಾಳಿ, ನೀರು ಎರಡೂ ‘ಮಾಧ್ಯಮ’. ಪತ್ರಿಕೆ, ಆಕಾಶವಾಣಿಗಳೂ ಮಾಧ್ಯಮಗಳೇ. ಇಂಗ್ಲಿಷಿನ ಬಹುವಚನವಾದ ‘ಮೀಡಿಯಾ’ವನ್ನು ನಾವು ಏಕವಚನದಂತೆ ಬಳಸುತ್ತೇವೆ. ಸತ್ತವರೊಡನೆ ಮಾತನಾಡುವೆನೆನ್ನುವ ವ್ಯಕ್ತಿಯನ್ನೂ ಇಂಗ್ಲಿಷಿನಲ್ಲಿ ಹೀಗೆಯೇ ಕರೆಯುತ್ತಾರೆ. ಅಲ್ಲಿ ‘ಮಾಧ್ಯಮ’ ಎಂದರೆ ಓದುಗನಿಗೆ ಏನೂ ತಿಳಿಯದು.

ಮರಾಠಿ, ಕನ್ನಡ ಎರಡರಲ್ಲಿಯೂ ಕಲಿತ ನನಗೆ ಬಾಲ್ಯದಲ್ಲಿಯೇ ಇಂಥ ಗೊಂದಲದ ಅನುಭವವಾಗಿತ್ತು. ಮರಾಠಿಯಲ್ಲಿ ‘ಮಾಧ್ಯಮಿಕ’ ಶಾಲೆಯೆಂದರೆ ಪ್ರೌಢಶಾಲೆ. ಕನ್ನಡದಲ್ಲಿ ಹಿಂದೆ ಅದು ಮಿಡ್ಲ್ ಸ್ಕೂಲು. ಅಕ್ಷರ ಒಂದೇ, ತರಗತಿ ಬೇರೆ.

ನಮ್ಮ ಸೀಮೆಯಲ್ಲಿ ಮಾತ್ರ “ಯಾವ ಮೀಡಿಯಂ?” ಎಂಬ ಪ್ರಶ್ನೆಗೆ ಒಂದೇ ಅರ್ಥ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಇಂಥವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯವಿರಬೇಕೆನ್ನುತ್ತದೆ.

ಇಲ್ಲಿ ವಿಭಕ್ತಿಯನ್ನು ಗಮನಿಸಿರಿ. ‘ಮಾತೃಭಾಷೆಯ ಬೋಧನೆ’ ಎಂದರೆ ಭಾಷೆ ಒಂದು ವಿಷಯ, ಷಷ್ಠಿ. ‘ಮಾತೃಭಾಷೆಯಲ್ಲಿ ಬೋಧನೆ’ ಎಂದರೆ ಭಾಷೆಯೇ ಮಾಧ್ಯಮ; ಸಪ್ತಮಿ. ಊರಿನವರು ಮನವಿಯಲ್ಲಿ ‘ಮಕ್ಕಳಿಗೆ ಕನ್ನಡ ಕಲಿಸಿರಿ’ ಎಂದಷ್ಟೇ ಬರೆದರೆ, ಒಬ್ಬ ಭಾಷಾ ಶಿಕ್ಷಕರನ್ನು ಕೊಟ್ಟರೂ ಕೋರಿಕೆ ಈಡೇರಿದಂತೆಯೇ. ಗಣಿತ, ವಿಜ್ಞಾನಗಳೂ ಕನ್ನಡದಲ್ಲಿ ಬೇಕಾದರೆ ‘ಕನ್ನಡದಲ್ಲಿ ಕಲಿಸಿರಿ’ ಎನ್ನಬೇಕು. ಒಂದು ಪ್ರತ್ಯಯ ತಪ್ಪಿದರೆ ಒಂದು ಶಾಲೆಯೇ ತಪ್ಪಬಹುದು. ಅಂಥ ಮನವಿ ಬರೆದುಕೊಡೆಂದು ನಾಳೆ ಊರವರು ಕೇಳುವುದು ಕನ್ನಡ ಓದಿದ ನಿಮ್ಮನ್ನೇ.

ಅಭ್ಯಾಸ: ‘ಮೀಡಿಯಂ’ ಪದದ ಐದು ಅರ್ಥಗಳಿಗೆ ಒಂದೊಂದು ಕನ್ನಡ ವಾಕ್ಯ ರಚಿಸಿರಿ. ಕನಿಷ್ಠ ಎರಡರಲ್ಲಿ ‘ಮಾಧ್ಯಮ’ ಪದ ಬರಕೂಡದು.