ಇತಿಹಾಸ–ಕಾವ್ಯಗಳ ಅಧ್ಯಯನಕ್ಕೆ ಬೇಕಾದ ಕೆಲವು ಪದಗಳು

ಪವಾಯಿಯ ಸರೋವರದ ಆಸುಪಾಸಿನಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳು ಮಹಾಭಾರತದ ಕಥೆಯನ್ನು ಅರಿಯದವರಲ್ಲ. ದೂರದರ್ಶನದಲ್ಲಿ 1988ರಿಂದ 1990ರವರೆಗೆ ಬಂದ ಹಿಂದಿ ಧಾರಾವಾಹಿಯನ್ನು ಹಿರಿಯರು ನೋಡಿದ್ದರು. ಮಕ್ಕಳು ಇಂಗ್ಲಿಷಿನ ಸಚಿತ್ರ ಪುಸ್ತಕಗಳಲ್ಲಿ ಓದುತ್ತಾರೆ. ಆದರೆ ಘಟನೆಗಳನ್ನು ಬಲ್ಲ ಮಾತ್ರಕ್ಕೆ ಗ್ರಂಥವನ್ನು ಬಲ್ಲಂತಾಗದು. “ಸಂಧಿ ಎಂದರೇನು? ಉಪಾಖ್ಯಾನವೆಂದರೇನು?” ಎಂದು ಮಗು ಕೇಳಿದಾಗ ನಾವು ನಿರುತ್ತರರಾದರೆ, ಹಿರಿಯರು ಊರಿನಲ್ಲಿ ಪುರಾಣಶ್ರವಣದಿಂದ ಪಡೆದದ್ದು ನಮ್ಮಲ್ಲಿಗೇ ನಿಂತುಹೋಗುವುದು. ಆದಕಾರಣ ಕೆಲವು ಪದಗಳನ್ನು ಇಲ್ಲಿ ವಿವರಿಸುತ್ತೇವೆ.

ಇತಿಹಾಸ: ‘ಇತಿ ಹ ಆಸ’, ಅಂದರೆ ಹೀಗೆಯೇ ನಡೆದಿತ್ತು ಎಂದರ್ಥ. ರಾಮಾಯಣ, ಮಹಾಭಾರತಗಳು ಇತಿಹಾಸಗಳು.

ಮಹಾಕಾವ್ಯ: ಸರ್ಗಗಳಲ್ಲಿ ರಚಿತವಾದ ದೀರ್ಘಕಾವ್ಯ. ಆಶೀರ್ವಾದ, ನಮಸ್ಕಾರ ಅಥವಾ ವಸ್ತುನಿರ್ದೇಶದಿಂದ ಅದು ಆರಂಭವಾಗಬೇಕೆಂದು ದಂಡಿಯ ಮತ. ನಗರ, ಸಮುದ್ರ, ಪರ್ವತ, ಋತುಗಳ ವರ್ಣನೆಯೂ ಅದರ ಲಕ್ಷಣ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು 16 ಸರ್ಗಗಳ ಮಹಾಕಾವ್ಯ.

ವಿಭಾಗಗಳು: ರಾಮಾಯಣಕ್ಕೆ 7 ಕಾಂಡಗಳು, ಮಹಾಭಾರತಕ್ಕೆ 18 ಪರ್ವಗಳು, ಭಾಗವತಕ್ಕೆ 12 ಸ್ಕಂಧಗಳು. ಪಂಪನ ವಿಕ್ರಮಾರ್ಜುನವಿಜಯದಲ್ಲಿ ಆಶ್ವಾಸಗಳಿವೆ. ಕುಮಾರವ್ಯಾಸಭಾರತದ 10 ಪರ್ವಗಳು ಸಂಧಿಗಳಾಗಿ ವಿಭಾಗಗೊಂಡಿವೆ. ಸಂಧಿಯ ಆದಿಯಲ್ಲಿರುವ ‘ಸೂಚನೆ’ಯ ಪದ್ಯವು ಮುಂಬರುವ ಕಥೆಯ ಸಾರ.

ಷಟ್ಪದಿ: ಆರು ಪಾದಗಳ ಪದ್ಯ. ಭಾಮಿನಿಯಲ್ಲಿ 1, 2, 4, 5ನೆಯ ಪಾದಗಳಿಗೆ 14 ಮಾತ್ರೆಗಳು. 3 ಮತ್ತು 6ನೆಯ ಪಾದಗಳಿಗೆ 23. ಕುಮಾರವ್ಯಾಸಭಾರತವೂ ಜಗನ್ನಾಥದಾಸರ ಹರಿಕಥಾಮೃತಸಾರವೂ ಇದೇ ಛಂದಸ್ಸಿನಲ್ಲಿವೆ. ಮನೆಯಲ್ಲಿ ಹರಿಕಥಾಮೃತಸಾರವನ್ನು ಪಠಿಸುವ ಮಗುವಿಗೆ ಕುಮಾರವ್ಯಾಸನ ನಡೆಯು ಅಪರಿಚಿತವಲ್ಲ.

ಉಪಾಖ್ಯಾನ: ಮುಖ್ಯಕಥೆಯ ಒಳಗೆ ಬರುವ ಕಥೆ. ಇಲ್ಲಿ ವಕ್ತೃ ಯಾರು, ಶ್ರೋತೃ ಯಾರು, ಸಂದರ್ಭವೇನು ಎಂಬುದನ್ನು ಅವಶ್ಯವಾಗಿ ಗಮನಿಸಬೇಕು. ವನಪರ್ವದ ನಳೋಪಾಖ್ಯಾನವನ್ನೇ ನೋಡೋಣ. ಬಿಡಿಕಥೆಯಾಗಿ ಓದಿದರೆ ಅದು ನಳ–ದಮಯಂತಿಯರ ವಿರಹ ಮತ್ತು ಪುನರ್ಮಿಲನದ ಕಥೆ. ಆದರೆ ಅದನ್ನು ಹೇಳುವವರು ಬೃಹದಶ್ವ ಮಹರ್ಷಿಗಳು. ಕೇಳುವವನು ದ್ಯೂತದಲ್ಲಿ ರಾಜ್ಯವನ್ನು ಕಳೆದುಕೊಂಡ ಯುಧಿಷ್ಠಿರ. ದಿವ್ಯಾಸ್ತ್ರಗಳಿಗಾಗಿ ಹೋದ ಅರ್ಜುನನೂ ಜೊತೆಗಿಲ್ಲದ ಕಾಲವದು. ತನಗಿಂತ ದುಃಖಿಯಾದ ಅರಸನುಂಟೇ ಎಂದು ಅವನು ಕೇಳಿದಾಗ, ದ್ಯೂತದಲ್ಲಿಯೇ ಸರ್ವಸ್ವವನ್ನೂ ಸೋತು ಮರಳಿ ಪಡೆದ ನಳನ ಕಥೆಯು ಉತ್ತರವಾಗಿ ಬರುತ್ತದೆ.

ಉಪಕ್ರಮ–ಉಪಸಂಹಾರ: ಆರಂಭ ಮತ್ತು ಮುಕ್ತಾಯ. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಶಾಸ್ತ್ರಕಾರರು ಮೊದಲು ನೋಡುವುದು ಇವೆರಡನ್ನೇ. ನಳೋಪಾಖ್ಯಾನದ ಉಪಕ್ರಮವು ಯುಧಿಷ್ಠಿರನ ದುಃಖ. ಕಥೆ ಮುಗಿದ ಮೇಲೆ ಬೃಹದಶ್ವರು ಅವನಿಗೆ ಅಕ್ಷಹೃದಯವನ್ನು, ಎಂದರೆ ದ್ಯೂತದ ರಹಸ್ಯವನ್ನು, ಉಪದೇಶಿಸುತ್ತಾರೆ. ನಳನನ್ನು ಉದ್ಧರಿಸಿದ ವಿದ್ಯೆಯೂ ಅದೇ. ಹೀಗೆ ಕಥೆಯು ಸಾಂತ್ವನದಲ್ಲಿಯೇ ನಿಲ್ಲದೆ ವಿದ್ಯೆಯಾಗಿ ಫಲಿಸುತ್ತದೆ.

ಮಕ್ಕಳಿಗೆ ಕಥೆ ಹೇಳುವಾಗ “ಮುಂದೇನಾಯಿತು?” ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. “ಇದನ್ನು ಯಾರು, ಯಾರಿಗೆ, ಏಕೆ ಹೇಳಿದರು?” ಎಂಬ ಪ್ರಶ್ನೆಯನ್ನು ನಾವು ಕಲಿಸಬೇಕು. ಅದನ್ನು ಕೇಳಬಲ್ಲ ಮಗು, ಕನ್ನಡದ ಅಕ್ಷರಗಳನ್ನು ತಡವಾಗಿ ಕಲಿತರೂ, ಗ್ರಂಥದ ಬಾಗಿಲಿಗೆ ಬಂದು ನಿಂತಂತೆಯೇ ಸರಿ.