ಇಂಗ್ಲಿಷ್ ಮೋಡಲ್‌ಗಳಲ್ಲಿ ಎಡವದಿರಲು ಆರು ಸೂತ್ರಗಳು

ಇಂಗ್ಲಿಷ್ ವ್ಯಾಕರಣದಲ್ಲಿ ಒಂದೇ ಅಧ್ಯಾಯ ಓದಲು ಪುರುಸೊತ್ತಿದ್ದರೆ ಮೋಡಲ್ ಕ್ರಿಯಾಪದಗಳದ್ದನ್ನು ಓದಿ: ಕ್ಯಾನ್, ಕುಡ್, ಮೇ, ಮೈಟ್, ಶ್ಯಾಲ್, ಶುಡ್, ವಿಲ್, ವುಡ್, ಮಸ್ಟ್. ನೀವು ಹೇಳಿದ್ದು ಅಪ್ಪಣೆಯೋ, ಸಲಹೆಯೋ, ಬರೀ ಅಂದಾಜೋ ಎಂದು ಎದುರಿನವರಿಗೆ ತಿಳಿಯುವುದು ಮುಖ್ಯವಾಗಿ ಈ ಒಂಬತ್ತರಿಂದ.

1. ಖಚಿತವಾದ ಕಾರ್ಯಕ್ರಮಕ್ಕೆ ವಿಲ್. ನಮ್ಮ ಕಚೇರಿ ಇಮೇಲ್‌ಗಳಲ್ಲಿ 'ದ ಮೀಟಿಂಗ್ ವುಡ್ ಬಿ ಹೆಲ್ಡ್ ಆನ್ ಮಂಡೇ' ಎಂಬ ವಾಕ್ಯ ಪದೇ ಪದೇ ಸಿಗುತ್ತದೆ. ವುಡ್ ಹಾಕಿದರೆ ಮರ್ಯಾದೆ ಹೆಚ್ಚು ಎಂಬ ನಂಬಿಕೆ ಇದಕ್ಕೆ ಕಾರಣವಿರಬೇಕು. ಆದರೆ ಲಂಡನ್ನಿನ ಕ್ಲೈಂಟ್ ಇದನ್ನು ಓದಿ, ಏನಾದರೆ ನಡೆಯುತ್ತದೆ ಎಂದು ಷರತ್ತು ಹುಡುಕುತ್ತಾರೆ. 'ವಿಲ್ ಬಿ ಹೆಲ್ಡ್' ಎಂದೇ ಬರೆಯಿರಿ. ವುಡ್‌ನ ವಿನಯ ಒಪ್ಪುವುದು ಕೋರಿಕೆಗೆ: 'ವುಡ್ ಯು ಸೆಂಡ್ ಮಿ ದ ಫೈಲ್?'

2. 'ಬರಕೂಡದು' ಎನ್ನಲು ಮಸ್ಟ್ ನಾಟ್, 'ಬರಬೇಕಾಗಿಲ್ಲ' ಎನ್ನಲು ಡೋಂಟ್ ಹ್ಯಾವ್ ಟು. ಕನ್ನಡದಲ್ಲಿ ಯೋಚಿಸಿದರೆ ಇಲ್ಲಿ ತಪ್ಪುವುದೇ ಇಲ್ಲ. 'ಯು ಮಸ್ಟ್ ನಾಟ್ ಕಮ್ ಆನ್ ಸ್ಯಾಟರ್ಡೇ' ಎಂದರೆ ರಜೆ ಕೊಟ್ಟಂತಲ್ಲ, ಬಾಗಿಲು ಹಾಕಿದಂತೆ.

3. ಮೋಡಲ್ ಆದ ಮೇಲೆ ಕ್ರಿಯಾಪದದ ಮೂಲರೂಪ ಮಾತ್ರ. 'ಹಿ ಕ್ಯಾನ್ ಗೋಸ್', 'ಶಿ ಮಸ್ಟ್ ಟು ಗೋ' ಎರಡೂ ತಪ್ಪು.

4. ನಿನ್ನೆ ಮಾಡಿ ಮುಗಿಸಿದ್ದಕ್ಕೆ ಕುಡ್ ಬೇಡ. ಸಂದರ್ಶನದಲ್ಲಿ 'ಐ ಕುಡ್ ಫಿನಿಶ್ ದ ಪ್ರಾಜೆಕ್ಟ್' ಎಂದರೆ ಮುಗಿಸಿದಿರೋ, ಮುಗಿಸಬಹುದಿತ್ತೋ ಗೊತ್ತಾಗುವುದಿಲ್ಲ. 'ಐ ವಾಸ್ ಏಬಲ್ ಟು' ಅಥವಾ 'ಐ ಮ್ಯಾನೇಜ್ಡ್ ಟು' ಎನ್ನಿ, ನಿಮ್ಮ ದುಡಿಮೆ ನಿಮ್ಮ ಲೆಕ್ಕಕ್ಕೇ ಬರಲಿ. ಆಗಲಿಲ್ಲ ಎನ್ನಲು ಮಾತ್ರ 'ಕುಡಂಟ್' ಧಾರಾಳವಾಗಿ ಬಳಸಿ.

5. ಶ್ಯಾಲ್ ಕಂಡರೆ ಅದರ ಮುಂದಿನ ಪದವನ್ನೂ ಓದಿ. ಕಾನೂನು ಓದುವವರಿಗೆ ಇದು ಅತಿ ಮುಖ್ಯ. 2002ರ 86ನೇ ತಿದ್ದುಪಡಿಯನ್ನೇ ನೋಡಿ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣದ ಬಗ್ಗೆ ಸಂವಿಧಾನದ 21ಎ ವಿಧಿ 'ಶ್ಯಾಲ್ ಪ್ರೊವೈಡ್' ಎನ್ನುತ್ತದೆ; ಅದು ಮೂಲಭೂತ ಹಕ್ಕು, ಅದಕ್ಕಾಗಿ ಕೋರ್ಟಿಗೆ ಹೋಗಬಹುದು. 6 ತುಂಬುವವರೆಗಿನ ಮಕ್ಕಳ ಕುರಿತ 45ನೇ ವಿಧಿಯಲ್ಲಿರುವುದು 'ಶ್ಯಾಲ್ ಎಂಡೆವರ್'. ಅಂದರೆ ಪ್ರಯತ್ನಿಸತಕ್ಕದ್ದು ಎಂಬ ನಿರ್ದೇಶಕ ತತ್ವ. ಎಳೆಯ ಮಕ್ಕಳ ಪಾಲಿಗೆ ಈ ಒಂದು ಪದ ತುಂಬ ದುಬಾರಿ.

6. ಸಾಫ್ಟ್‌ವೇರ್‌ನವರು ಇಂಟರ್ನೆಟ್ ಮಾನದಂಡಗಳಲ್ಲಿ ಈ ಪದಗಳ ಅರ್ಥ ಹೇಳುವ ದಾಖಲೆಯಾದ 1997ರ ಆರ್‌ಎಫ್‌ಸಿ 2119 ಓದಲೇಬೇಕು. ಎರಡು-ಮೂರು ಪುಟವಷ್ಟೇ. ಅದರ ಪ್ರಕಾರ ಮಸ್ಟ್ ಕಡ್ಡಾಯ, ಮೇ ಐಚ್ಛಿಕ. ಸರಿಯಾದ ಕಾರಣವಿದ್ದು, ಪರಿಣಾಮ ತೂಗಿ ನೋಡಿದ್ದರೆ ಶುಡ್ ಅನ್ನು ಬಿಡಬಹುದು. ತಂಡಕ್ಕೆ ಕೆಲಸ ಹಂಚುವಾಗಲೂ ಇದನ್ನೇ ಪಾಲಿಸಿ: ಲಾಗಿನ್ ಪರೀಕ್ಷೆ ಆಗಲೇಬೇಕಿದ್ದರೆ ಟಿಕೆಟ್‌ನಲ್ಲಿ ಶುಡ್ ಬರೆಯಬೇಡಿ.